ಬಿಡಿಸದೆ ಉಳಿದ ಕೈ

ಎರ್ರಮ್ಮ ಸತ್ತು ಎರಡು ತಿಂಗಳಾಗಿತ್ತು. ಮೊಮ್ಮಗಳು ವಾಣಿಶ್ರೀಯ ಬಲಗೈ ಮಾತ್ರ ಇನ್ನೂ ಅಜ್ಜಿಯ ಹಿಡಿತದಲ್ಲೇ ಇತ್ತು.

ಕಾನಹೊಸಹಳ್ಳಿಯ ಆ ಓಣಿಯಲ್ಲಿ ಹಳೆ ಸೀರೆಗಳನ್ನು ಪದರವಾಗಿಟ್ಟು ಕೌದಿ ಹೊಲಿಯಲು ಕಲಿಸುವುದು ಬಾಯಿಂದಲ್ಲ. ಕಲಿಯುವವಳ ಕೈಮೇಲೆ ಕಲಿಸುವವಳು ಕೈಯಿಟ್ಟು ಸೂಜಿ ನಡೆಸುತ್ತಾಳೆ. ಅಂಚಿನಿಂದ ಹೊರಟ ಹೊಲಿಗೆ ಮೂಲೆಗೊಮ್ಮೆ ಎಡಕ್ಕೆ ತಿರುಗಿ, ಸುತ್ತಿ ಸುತ್ತಿ ನಡುವನ್ನು ಮುಟ್ಟುತ್ತದೆ. ಕಲಿತಾದ ದಿನ ಮಣಿಕಟ್ಟಿಗೆ ಮೆಲ್ಲಗೆ ತಟ್ಟಿ, 'ಇನ್ ನಿನ್ ಕೈ ನಿಂದು' ಅನ್ನಬೇಕು. ಹಾಗನ್ನುವ ಮೊದಲೇ ಎರ್ರಮ್ಮ ಕಣ್ಣು ಮುಚ್ಚಿದ್ದಳು.

ಅದು ೧೯೯೭. ಕೂಡ್ಲಿಗಿಯ ಹೊಲಿಗೆ ತರಗತಿಯಲ್ಲಿ ವಾಣಿಶ್ರೀ ಮಿಷನ್ನಿಗೆ ಕೂತರೆ ಗೇಣುದ್ದ ಹೋಗುತ್ತಲೇ ಬಟ್ಟೆ ಎಡಕ್ಕೆ ತಿರುಗುತ್ತಿತ್ತು. ರವಿಕೆ ಹೊಲಿ ಅಂದರೆ ಬಸವನಹುಳು ಹೊಲಿಯುತ್ತಾಳೆಂದು ಉಳಿದ ಹುಡುಗಿಯರು ನಗುತ್ತಿದ್ದರು. ಸೋಮವಾರ ಪರೀಕ್ಷೆ. ಪಾಸಾದರೆ ತರಗತಿಯವರು ಕೊಡುವ ಮಿಷನ್ನು ಮನೆಗೆ ಬರುತ್ತದೆ. ಇಲ್ಲದಿದ್ದರೆ ಮತ್ತೆ ಶೇಂಗಾ ಬಿಡಿಸುವ ಕೂಲಿ.

ಅಜ್ಜಿಯ ಗೆಳತಿ ನಾಗಕ್ಕನ ಬಳಿ ಹೋಗಿ ಹೇಳಿಕೊಂಡಳು. ನಾಗಕ್ಕ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ಹಿಡಿದಾಕಿ ಹೋಗ್ಯಾಳ. ಇನ್ನ ನೀನು ಯಾರಿಗಾರ ಕಲಿಸಿ ಅವರ ಕೈ ಬಿಡಿಸಬೇಕು. ಆವಾಗ ನಿಂದೂ ಬಿಡ್ತೈತಿ. ಆದ್ರ ನೋಡವಾ, ಆಮ್ಯಾಲೆ ನಿಮ್ಮಜ್ಜಿ ನಿನ್ನ ಹತ್ರ ಬರಂಗಿಲ್ಲ."

ನಾಗಕ್ಕನ ಮೊಮ್ಮಗಳು, ಏಳು ವರ್ಷದ ಗೀತಾಂಜಲಿಯನ್ನು ಕೂರಿಸಿಕೊಂಡು ಚಿಕ್ಕ ಕೌದಿಯೊಂದರ ಮೇಲೆ ನಾಲ್ಕು ಮಧ್ಯಾಹ್ನ ಕಲಿಸಿದ್ದಾಯಿತು. ಐದನೆಯ ದಿನ, ಕೊನೆಯ ಸುತ್ತಿನಲ್ಲಿ ಹುಡುಗಿ ಸೂಜಿ ನಿಲ್ಲಿಸಿದಳು.

"ಅಕ್ಕಾ, ನಿನ್ ಕೈ ಬೆಚ್ಚಗೈತಿ. ಅದರ ಮ್ಯಾಲಿಂದು ಯಾರ ಕೈ? ತಣ್ಣಗೈತಲ್ಲ."

ವಾಣಿಶ್ರೀ ಕತ್ತು ಹೊರಳಿಸಲಿಲ್ಲ. ಹೆಗಲ ಬಳಿ ಅಜ್ಜಿಯ ಹೊಗೆಸೊಪ್ಪಿನ ವಾಸನೆ ಸುಳಿಯಿತು. ಇನ್ನೊಂದೇ ಒಂದು ಸುತ್ತು ಇರಲಿ ಅನ್ನಿಸಿತು. ಆದರೆ ಕೌದಿಯ ನಡು ಬಂದುಬಿಟ್ಟಿತ್ತು. ಹುಡುಗಿಯ ಮಣಿಕಟ್ಟಿಗೆ ತಟ್ಟಿದಳು.

"ಇನ್ ನಿನ್ ಕೈ ನಿಂದು."

ಅದೇ ಗಳಿಗೆಗೆ ವಾಣಿಶ್ರೀಯ ಮಣಿಕಟ್ಟಿಗೂ ಯಾರೋ ತಟ್ಟಿದರು.

ಸೋಮವಾರ ಹೊಲಿಗೆ ನೆಟ್ಟಗೆ ಓಡಿತು. ಟೀಚರು ಎರಡು ಸಲ ತಿರುಗಿಸಿ ನೋಡಿ, ಪಾಸು ಎಂದರು.

ಮನೆಗೆ ಬಂದವಳೇ ಅಜ್ಜಿ ಅರ್ಧಕ್ಕೆ ಬಿಟ್ಟ ಕೌದಿ ಬಿಚ್ಚಿ ಕೂತಳು. ಮೂಲೆ ಬಂತು. ಕೈ ತಿರುಗಲಿಲ್ಲ. ಎಷ್ಟು ಹೊತ್ತು ಕಾದರೂ ಅದು ಅವಳದೊಂದೇ ಕೈಯಾಗಿ ಸುಮ್ಮನಿತ್ತು.

ಎದುರಿನ ನಾಗಕ್ಕನ ಮನೆಯ ಕಟ್ಟೆಯ ಮೇಲೆ ಗೀತಾಂಜಲಿ ಒಬ್ಬಳೇ ಹೊಲಿಯುತ್ತಿದ್ದಳು. ಮೂಲೆ ಬಂದಾಗ ಖಾಲಿ ಪಕ್ಕಕ್ಕೆ ಮುಖ ಮಾಡಿ, "ಹಿಂಗಾ, ಎರ್ರಮ್ಮಜ್ಜಿ?" ಎಂದು ಕೇಳಿ, ತಲೆಯಾಡಿಸಿ, ಸೂಜಿಯನ್ನು ಎಡಕ್ಕೆ ಹೊರಳಿಸಿದಳು.

ವಾಣಿಶ್ರೀ ಕೌದಿಯನ್ನೆತ್ತಿಕೊಂಡು ಓಣಿ ದಾಟಿದಳು. ಕಟ್ಟೆ ಹತ್ತಿ ಕೂತು, ಕಲಿಯುವವಳ ಹಾಗೆ ಆ ಪುಟ್ಟ ಕೈಯ ಕೆಳಗೆ ತನ್ನ ಕೈಯಿಟ್ಟಳು.