ಕೊಳವೆಯ ಮೇಲೊಂದು ಪೆಟ್ಟು

ಶಿಕಾಗೋದ ದಕ್ಷಿಣಕ್ಕಿರುವ ಕಪ್ಪು ಜನರ ಆ ಕೇರಿಯಲ್ಲಿ ಸರ್ಕಾರಿ ವಸತಿಯ ಇಟ್ಟಿಗೆ ಕಟ್ಟಡಗಳು ಒಂದೊಂದಾಗಿ ನೆಲಸಮವಾಗುತ್ತಿದ್ದವು. ಮುಂದಿನ ಸರದಿ ವರ್ಲೀನಳ ಕಟ್ಟಡದ್ದು. ಅಲ್ಲೇ ಏಳಲಿರುವ ಹೊಸ ಮನೆಗಳಲ್ಲೊಂದು ತನಗೆ ದಕ್ಕಬೇಕಾದರೆ, ಬಾಡಿಗೆ ಪತ್ರದಲ್ಲಿ ಹೆಸರಿಲ್ಲದ ಯಾರೂ ಅವಳ ಮನೆಯಲ್ಲಿರಕೂಡದು. ಜೈಲಿನಿಂದ ಬಿಡುಗಡೆಯಾದ ತಮ್ಮ ಕ್ಲಿಯೋಫಸ್ ಎರಡು ತಿಂಗಳಿಂದ ಅವಳ ಅಡುಗೆಮನೆಯಲ್ಲಿ ಮಲಗುತ್ತಿದ್ದ.

ಅವಳಿಗಿದ್ದ ಧೈರ್ಯವೆಂದರೆ, ಚಳಿಗಾಲದಲ್ಲಿ ಮನೆಮನೆಗೂ ಬಿಸಿ ಹಬೆ ಹರಿಸಲು ಗೋಡೆಗುಂಟ ಇಳಿದ ಕಬ್ಬಿಣದ ಕೊಳವೆ. ತಪಾಸಣೆಯವರು ಮೆಟ್ಟಿಲು ಹತ್ತಿದೊಡನೆ ಕೆಳಮನೆಯ ಓಜೆಲ್ಲಾ ಅದಕ್ಕೆ ಚಮಚದಿಂದ ಎರಡು ಪೆಟ್ಟು ಹಾಕುವಳು. ಅವರು ಹೋದ ಮೇಲೆ ಒಂದು. ನಲವತ್ತು ವರ್ಷ ಆ ಕಟ್ಟಡ ತನ್ನವರನ್ನು ಕಾಪಾಡಿದ್ದು ಹೀಗೆಯೇ.

ಅಂದು ಬೆಳಿಗ್ಗೆ ವರ್ಲೀನ್ ಮನೆಯೊಳಗೂ ಕೋಟು ತೊಟ್ಟು, ತಮ್ಮನಿಗೆ ಬಿಸಿ ಜೋಳದ ಗಂಜಿ ಬಡಿಸಿದಳು.

"ಜೈಲಲ್ಲೂ ಇದಕ್ಕಿಂತ ಉಪ್ಪು ಹಾಕ್ತಿದ್ರು ಕಣಕ್ಕ."

"ಹಂಗಾದ್ರೆ ಅಲ್ಲಿಗೇ ಹೋಗು, ಬೇಡ ಅಂದೋರ್ಯಾರು?"

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕೊಳವೆ ಮಾತ್ರ ಮೂಕವಾಗಿತ್ತು. ಆಗ ಅವಳಿಗೆ ನೆನಪಾಯಿತು: ಓಜೆಲ್ಲಾಳನ್ನು ಸೋಮವಾರವೇ ಊರಾಚೆಗೆ ಸಾಗಿಸಿದ್ದರು. ಅವಳ ಹೂಕುಂಡಗಳನ್ನು ಲಾರಿಗೇರಿಸಿದವಳು ತಾನೇ. ಆದರೂ ಕಿವಿ ಆ ಪೆಟ್ಟಿಗಾಗಿಯೇ ಕಾದಿತ್ತು.

ಕ್ಲಿಯೋಫಸ್ ಬಟ್ಟಲು ಹಿಡಿದೇ ಹಿಂಬಾಗಿಲಿನಿಂದ ಜಾರಿ, ಬೀಗ ಮುರಿದು ಬಿದ್ದಿದ್ದ ಓಜೆಲ್ಲಾಳ ಖಾಲಿ ಮನೆಗೆ ಇಳಿದ.

ಒಳಬಂದವಳು ವಸತಿ ಕಚೇರಿಯ ತರುಣಿ, ಅವರದೇ ಜನ. ಕಪಾಟು ತೆರೆದಳು, ಮಂಚದಡಿ ಬಾಗಿದಳು, ಹಲ್ಲುಜ್ಜುವ ಬ್ರಷ್ಷು ಒಂದೇ ಇರುವುದನ್ನೂ ನೋಡಿದಳು. ಏನೂ ಸಿಗಲಿಲ್ಲ. ಕಿಟಕಿಯ ಬಳಿ ನಿಂತು ಸದ್ದಿಲ್ಲದೆ ಬರೆಯತೊಡಗಿದಳು. ಇನ್ನೊಂದು ಸಾಲು, ಒಂದು ಸಹಿ. ಅಷ್ಟಾದರೆ ಮುಗಿಯಿತು.

ಟಣ್.

ಒಂದೇ ಪೆಟ್ಟು. ಮೇಲೆ ಹೆಜ್ಜೆಯ ಸದ್ದು ನಿಂತಿತು, ಬಂದವರು ಹೋದರು ಎಂದುಕೊಂಡು ಕೆಳಗಿದ್ದ ತಮ್ಮ ಓಜೆಲ್ಲಾಳ ಕೆಲಸ ಮಾಡಿದ್ದ.

ತರುಣಿಯ ಪೆನ್ನು ನಿಂತಿತು. "ಕೆಳಗಡೆ ಮನೆ ಖಾಲಿ ಅಲ್ವಾ, ಮಿಸ್ ವರ್ಲೀನ್?"

"ಹಳೇ ಕೊಳವೆ, ಮೇಡಂ. ಬಿಸಿ ಏರ್ತಿದ್ದ ಹಂಗೆ ಗೊಣಗುತ್ತೆ, ನನ್ನ ಥರಾನೇ."

ತರುಣಿ ನಕ್ಕಳು; ಆ ನಗೆಯಲ್ಲಿ ಕೇಡಿರಲಿಲ್ಲ. ಚಳಿಗೆ ಮರಗಟ್ಟಿದ ಬೆರಳುಗಳನ್ನು ಕಾಯಿಸಿಕೊಳ್ಳಲೆಂದು ಕೈಗವಸು ಕಳಚಿ, ಅಂಗೈಯನ್ನು ಕೊಳವೆಗೆ ಒತ್ತಿದಳು.

ಸೋಮವಾರದಿಂದ ಆ ಕಟ್ಟಡಕ್ಕೆ ಬಿಸಿ ಹರಿದಿರಲಿಲ್ಲ.

ತರುಣಿ ಕೈ ತೆಗೆಯಲಿಲ್ಲ. ಅವಳ ನಗೆ ಮೆಲ್ಲಗೆ ಆರುವುದನ್ನು ವರ್ಲೀನ್ ನೋಡುತ್ತಲೇ ನಿಂತಳು.