ಗೋಡೆಗೆ ಸಿಗದ ನೀರು

ಗೋಡೆಗೆ ಅಂಗೈ ಒತ್ತಿ ತೆಗೆದಳು. ಬಿಳಿ ಪುಡಿ ಮೆತ್ತಿಕೊಂಡು ಬಂತು. ತೇವ ಆರದಿರಲೆಂದು ಕಂಬಗಳಿಗೆ ಸುತ್ತಿದ್ದ ಗೋಣಿತಾಟು ಒಣಗಿ ಸೆಟೆದು ನಿಂತಿತ್ತು.

ಕಡಲಿಗೆ ಹತ್ತಿರದ ಆ ಶಾಲೆ ಕಟ್ಟಡದ ಗುತ್ತಿಗೆ ಅವಳ ಚಿಕ್ಕಪ್ಪನದು. ಅವರ ಕೈಕೆಳಗೆ ಎಂಜಿನಿಯರ್ ಅವಳು. ಉಪ್ಪುಗಾಳಿಗೆ ಒಳಗಿನ ಕಂಬಿ ತುಕ್ಕು ಹಿಡಿಯದಿರಲೆಂದು ಸಿಮೆಂಟಿಗೆ ಕಲ್ಲಿದ್ದಲಿನ ಹಾರುಬೂದಿ ಬೆರೆಸಿದ್ದರು. ಬೂದಿಯ ಕಾಂಕ್ರೀಟು ನಿಧಾನಕ್ಕೆ ಗಟ್ಟಿಯಾಗುವಂಥದ್ದು. ವಾರಗಟ್ಟಲೆ ತೇವ ಸಿಕ್ಕರೆ ಸಂದುಗೊಂದೆಲ್ಲ ಮುಚ್ಚಿಕೊಂಡು ತಲೆಮಾರು ಬಾಳುತ್ತದೆ. ಬೇಗ ಒಣಗಿಸಿದರೆ ಉಪ್ಪಿಗೆ ಬಾಗಿಲು ತೆರೆದಿಟ್ಟ ಹಾಗೆ.

"ಚಿಕ್ಕಪ್ಪಾ, ನೀರು ಹಾಕೋದನ್ನ ಯಾರು ನಿಲ್ಲಿಸಿದ್ದು?"

"ನಾನೇ ಕಣಮ್ಮ. ಟ್ಯಾಂಕರ್ ನೀರು ಮೇಲಿನ ಮಹಡಿ ಕೆಲಸಕ್ಕೇ ಸಾಲ್ತಿಲ್ಲ. ನನ್ನ ಜೀವಮಾನದಲ್ಲಿ ಯಾವ ಗೋಡೆಗೂ ವಾರಕ್ಕಿಂತ ಹೆಚ್ಚು ಸ್ನಾನ ಮಾಡಿಸಿಲ್ಲ. ಒಂದಾದ್ರೂ ಬಿದ್ದಿದೆಯಾ?"

"ಅವಕ್ಕೆ ಬೂದಿ ಹಾಕಿರಲಿಲ್ಲ."

"ನೋಡು, ಕೆಲಸ ತಡ ಆದ್ರೆ ಆ ಮಕ್ಕಳು ಇನ್ನೊಂದು ಬೇಸಿಗೆ ತಗಡಿನ ಶೆಡ್ಡಲ್ಲಿ ಬೇಯಬೇಕು. ಅದನ್ನೂ ಯೋಚಿಸು. ಪರೀಕ್ಷೆಗೆ ಹೋಗೋ ಕ್ಯೂಬುಗಳು ಹೇಗೂ ಪಾಸಾಗ್ತವೆ ಬಿಡು."

ಪಾಸಾಗುತ್ತವಂತೆ! ಅವಳ ಮೈಯೆಲ್ಲ ಉರಿದುಹೋಯಿತು. ಅದೇ ಕಾಂಕ್ರೀಟನ್ನು ಅಚ್ಚಿಗೆ ಹಾಕಿ ತೆಗೆದ ಆ ಪುಟ್ಟ ಚೌಕ ಗಟ್ಟಿಗಳು ಸಾಮಾನು ಶೆಡ್ಡಿನ ತೊಟ್ಟಿಯಲ್ಲಿ ಹೊಸ ಅಳಿಯಂದಿರ ಹಾಗೆ ನೀರಿನಲ್ಲಿ ಹಾಯಾಗಿ ಮಲಗಿದ್ದವು. ಮಕ್ಕಳ ತಲೆಮೇಲಿನ ಭಾರ ಹೊರಬೇಕಾದ ಗೋಡೆ ಬಿಸಿಲಿನಲ್ಲಿ ಬಾಯಾರಿ ನಿಂತಿತ್ತು. ಪಾಸಾಗುವವು ಅವು, ಬದುಕಬೇಕಾದದ್ದು ಇದು.

ಚಿಕ್ಕಪ್ಪನಿಗೆ ಎದುರಾಡಿ ಗೊತ್ತಿಲ್ಲ ಅವಳಿಗೆ. ನೆಟ್ಟಗೆ ಶೆಡ್ಡಿಗೆ ಹೋದವಳು ನೀರು ಸುರಿಯುತ್ತಿದ್ದ ಕ್ಯೂಬುಗಳನ್ನು ಕೈಗಾಡಿಗೆ ತುಂಬಿ ತಂದು, ಗೋಡೆ ಬುಡದಲ್ಲಿ ಬಿಸಿಲಿಗೆ ಸಾಲಾಗಿ ಇಟ್ಟಳು.

"ಏನ್ ಮೇಡಂ, ಕಲ್ಲು ಒಣಗ್‌ಹಾಕ್ತಿದ್ದೀರಾ?" ಮೇಸ್ತ್ರಿ ನಕ್ಕ.

ಚಿಕ್ಕಪ್ಪ ಓಡಿಬಂದರು. "ಹುಚ್ಚು ಹಿಡೀತಾ ನಿಂಗೆ? ಎಲ್ಲಾ ಫೇಲ್ ಆಗ್ತವೆ!"

"ಆಗಲಿ. ಗೋಡೆಗೆ ಆಗಿದ್ದೇ ಇವಕ್ಕೂ ಆಗಲಿ!" ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಇವು ಫೇಲಾಗ್ತವೆ ಅಂತ ನಿಮಗೆ ಗೊತ್ತು. ಹಾಗಿದ್ರೆ ಗೋಡೆ?"

ಮೇಸ್ತ್ರಿಯ ನಗು ನಿಂತಿತು. ಚಿಕ್ಕಪ್ಪ ಬಗ್ಗಿ ಒಂದು ಕ್ಯೂಬನ್ನು ಮುಟ್ಟಿ ನೋಡಿದರು. ಕ್ಯೂಬುಗಳ ಮೇಲಿನ ತೇವ ನೋಡನೋಡುತ್ತಲೇ ಆರಿಹೋಗುತ್ತಿತ್ತು.

"ಮೇಲಿನ ಕೆಲಸ ನಿಲ್ಸೋ," ಎಂದರು ಕೊನೆಗೆ, ಮೇಸ್ತ್ರಿಯ ಮುಖ ನೋಡದೆ. "ನೀರೆಲ್ಲ ಕೆಳಕ್ಕೆ ಬಿಡು." ಆಮೇಲೆ ಅವಳತ್ತ ತಿರುಗಿ ಗದರಿದರು: "ತಡ ಆಗುತ್ತೆ ಅಂತ ಶಾಲೆ ಹೆಡ್‌ಮೇಡಂಗೆ ನೀನೇ ಹೇಳು. ಬೈಸಿಕೊಳ್ಳೋದೂ ನೀನೇ."

ಹೊಸಬರ ಜೊತೆ ಫೋನಿನಲ್ಲಿ ಮಾತಾಡುವುದೆಂದರೆ ಹಿಂಜರಿಯುವ ಹುಡುಗಿ. ನಂಬರು ಒತ್ತಿದಳು. ಆ ಕಡೆಯಿಂದ 'ಹಲೋ' ಬರುವ ಮೊದಲೇ ಮಾತು ಶುರುಮಾಡಿದಳು, ಇನ್ನೂ ಆರದ ಸಿಟ್ಟಿನಲ್ಲೇ.