ರನ್‌ವೇಗೆ ಮುಂಚಿನ ಬಯಲು

ತಮ್ಮ ಸತ್ತಾಗಿನಿಂದ ಅಕ್ಕನಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಸಣ್ಣ ವಿಮಾನ ಹಾರಿಸುವುದನ್ನು ಅವನಿಗೆ ಕಲಿಸಿದವಳೇ ಅವಳು. ಇಂಜಿನ್ ಕೈಕೊಟ್ಟರೆ ಉಳಿಯುವುದು ಎತ್ತರ, ವೇಗ ಎರಡೇ. ಒಂದನ್ನು ಬಿಟ್ಟುಕೊಟ್ಟೇ ಇನ್ನೊಂದನ್ನು ಉಳಿಸಿಕೊಳ್ಳಬೇಕು ಎಂದು ಬಾಯಿ ಒಣಗುವಷ್ಟು ಸಲ ಹೇಳಿದ್ದಳು. ಆದರೂ ಆ ದಿನ ಇಂಜಿನ್ ನಿಂತಾಗ ಅವನು, ಕೆಳಗೆ ಅಗಲವಾದ ಬಯಲಿದ್ದರೂ, ಹೇಗಾದರೂ ರನ್‌ವೇ ಮುಟ್ಟುವ ಆಸೆಗೆ ಸ್ಟಿಕ್ ಹಿಂದಕ್ಕೆಳೆದು ವಿಮಾನದ ಮೂಗನ್ನು ಮೇಲೆತ್ತಿದ್ದ. ವೇಗ ಕರಗಿ, ಒಂದು ರೆಕ್ಕೆ ಕುಸಿದು, ವಿಮಾನ ರನ್‌ವೇ ಸುತ್ತಲಿನ ಬೇಲಿಯಾಚೆಯೇ ನೆಲಕ್ಕಪ್ಪಳಿಸಿತ್ತು.

"ಗೊತ್ತಿದ್ದೂ ಗೊತ್ತಿದ್ದೂ ಎಳೆದನಲ್ಲ!" ಎಂದು ಮನೆಯವರ ಮುಂದೆಲ್ಲ ಹಲ್ಲು ಕಡಿಯುತ್ತಿದ್ದಳು.

ಒಂದು ಬೆಳಗ್ಗೆ ತಮ್ಮನ ಹೆಂಡತಿ ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಗಿಲಲ್ಲಿ ಬಂದು ನಿಂತಳು. ಗಂಡ ಹಾರಲು ಕರೆದಾಗಲೆಲ್ಲ "ನಾನು ನೆಲದ ಮೇಲೇ ಚೆನ್ನಾಗಿದ್ದೀನಪ್ಪ" ಎಂದು ನಗುತ್ತಿದ್ದವಳು.

"ಅತ್ತಿಗೆ, ಕೊನೇಲಿ ಅವರು ಏನು ನೋಡಿದ್ರೋ ಅದನ್ನ ನನಗೂ ತೋರಿಸಿ."

"ಬೇಡ ಕಣೆ. ಸುಮ್ನೆ ಗಾಯ ಕೆದಕಿಕೊಳ್ತೀಯ."

"ಒಣಗಿದ್ರೆ ತಾನೆ, ಕೆದಕೋ ಮಾತು?"

ಅಕ್ಕ ವಿಮಾನದ ಬಾಗಿಲು ತೆರೆದು ಅವಳನ್ನು ಪಕ್ಕದ ಸೀಟಿಗೆ ಹತ್ತಿಸಿದಳು.

ಮೇಲೇರಿ, ಸುತ್ತಿಬಂದು, ರನ್‌ವೇಗೆ ಮುಖ ಮಾಡಿದ ಮೇಲೆ ಅಕ್ಕ ಇಂಜಿನ್ನಿನ ಬಲವನ್ನು ಪೂರ್ತಿ ತಗ್ಗಿಸಿದಳು. ಸದ್ದಡಗಿತು, ಸುಯ್ಯೆನ್ನುವ ಗಾಳಿಯಷ್ಟೇ ಉಳಿಯಿತು. ರನ್‌ವೇ ಇನ್ನೇನು ಸಿಕ್ಕೇಬಿಟ್ಟಿತು ಅನ್ನುವ ಹಾಗೆ ಕಣ್ಣೆದುರಿಗಿತ್ತು. ಆದರೆ ನೆಲ ಅದಕ್ಕಿಂತ ಬೇಗ ಮೇಲೆ ಬರುತ್ತಿತ್ತು. ಅಕ್ಕ ಮೂಗನ್ನು ಬಯಲಿನ ಕಡೆಗೆ ಬಾಗಿಸುವಷ್ಟರಲ್ಲಿ ಅವಳ ಕೈಯಲ್ಲಿದ್ದ ಸ್ಟಿಕ್ ಹಿಂದಕ್ಕೆ ಜಗ್ಗಿತು. ಪಕ್ಕದ ಸೀಟಿನಲ್ಲಿ ತಮ್ಮನ ಹೆಂಡತಿ ತನ್ನ ಮುಂದಿದ್ದ, ಅದರ ಜೊತೆಗೇ ಆಡುವ ಜೋಡಿ ಸ್ಟಿಕ್ಕನ್ನು ಎರಡೂ ಕೈಯಿಂದ ಎದೆಗೆ ಎಳೆದುಕೊಂಡಿದ್ದಳು.

"ಬಿಡೇ! ಕೈ ಬಿಡು!"

ಬಿಟ್ಟಳು. ಅಕ್ಕ ಮೂಗು ತಗ್ಗಿಸಿ, ಇಂಜಿನ್ನಿಗೆ ಪೂರ್ತಿ ಬಲ ಕೊಟ್ಟು, ಇನ್ನೊಂದು ಸುತ್ತು ಹಾಕಿ ಇಳಿಸಿದಳು. ಚಕ್ರಗಳು ನೆಲ ಮುಟ್ಟಿದ್ದು ಗೊತ್ತೂ ಆಗಲಿಲ್ಲ.

ಇಂಜಿನ್ ನಿಂತ ಮೇಲೂ ಇಬ್ಬರೂ ಕೆಳಗಿಳಿಯಲಿಲ್ಲ.

"ಎಳೀಬೇಕು ಅಂತ ಎಳೀಲಿಲ್ಲ ಅತ್ತಿಗೆ," ಎಂದಳು ಅವಳು, ಕೈಗಳನ್ನು ಮಡಿಲಲ್ಲಿ ಅವುಚಿಕೊಂಡು. "ನೆಲ ಮೇಲೆ ಬರ್ತಿತ್ತು. ಕೈಗಳು ತಾವಾಗೇ ಎಳೆದುಬಿಟ್ವು."

"ಅವನಿಗೂ ಹಾಗೇ ಆಗಿರುತ್ತೆ ಕಣೆ," ಎಂದಳು ಅಕ್ಕ. ಅವಳು ಹೆಡ್‌ಸೆಟ್ಟನ್ನೂ ತೆಗೆಯದೆ ತಮ್ಮನ ಹೆಂಡತಿಯ ಹೆಗಲಿಗೆ ಮುಖವೊತ್ತಿದಳು.

ಇಂಧನ ತುಂಬಲು ಬಂದವನು ಗಾಜಿನೊಳಗೆ ಇಣುಕಿ, ಸದ್ದಿಲ್ಲದೆ ಹಿಂದಿರುಗಿದ.